ಗಿರಿಜೆ ತಿಂದ ಎಂಟು ಸೆಂಟು ಮಳೆ

ಕಾಫಿ ಹೂವಿನ ವಾಸನೆ ನನಗೆ ಆಗುವುದಿಲ್ಲ. ಕೊಡಗಿನಲ್ಲಿ ಹುಟ್ಟಿ, ಇಡೀ ಆಯುಷ್ಯ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿದವನು ಇಂಥ ಮಾತು ಆಡಬಾರದು. ಆಡಿದರೆ ಜನ ದೂರ ಸರಿದು ಕೂರುತ್ತಾರೆ. ಮೊನ್ನೆ ಮಾರ್ಚಿ ಕೊನೆಯಲ್ಲಿ ವಿರಾಜಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಮ್ಮತ್ತಿ ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಬದಿ ಗಿಡಗಳು ಬೆಳ್ಳಗೆ ನಿಂತಿದ್ದವು. ಪಕ್ಕದಲ್ಲಿ ಕೂತಿದ್ದ ಮೈಸೂರಿನ ಕಡೆಯ ಹಿರಿಯರೊಬ್ಬರು, "ಆಹಾ, ಏನು ಪರಿಮಳ ಸ್ವಾಮಿ, ಮಲ್ಲಿಗೆ ಇದರ ಮುಂದೆ ನಾಚಬೇಕು" ಎಂದು ಮೂಗನ್ನು ಕಿಟಕಿಯ ಆಚೆ ಹಾಕಿದರು. ನಾನು ಆ ಮೂಗಿಗೆ ಅಪಾಯವಾಗದಂತೆ ಅವರನ್ನು ಒಳಗೆ ಕರೆದು, ಶಟರ್ ಎಳೆದುಬಿಟ್ಟೆ. ಆಮೇಲೆ ಅವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕಾರಣ ಹೇಳುತ್ತಿದ್ದೆ. ಅವರಿಗೆ ಹೇಳಲಾಗದೆ ಉಳಿದದ್ದು ಇದು.

ಐವತ್ನಾಲ್ಕನೆಯ ಇಸವಿ. ಕೊಡಗು ಆಗ ಒಂದು ರಾಜ್ಯ. ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಗಡಿ ದಾಟಿಬಿಡಬಹುದಾದ, ಮಂತ್ರಿಮಂಡಲವೆಲ್ಲ ಒಂದೇ ಕಾರಿನಲ್ಲಿ ಹಿಡಿಸುವಂಥ ರಾಜ್ಯ. ಆದರೂ ರಾಜ್ಯ ರಾಜ್ಯವೇ. ಅದರ ಪ್ರಜೆಗಳಾದ ನಾವು ಪ್ರಪಂಚದ ವ್ಯವಹಾರಗಳಲ್ಲಿ ಅಭಿಪ್ರಾಯ ಇಟ್ಟುಕೊಂಡಿರುವುದು ಕರ್ತವ್ಯ ಎಂದು ತಿಳಿದಿದ್ದೆವು. ನನಗೆ ಇಪ್ಪತ್ತಾರು. ಊರು ಶನಿವಾರಸಂತೆಯ ಕಡೆ. ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದಿ, ಫಿಸಿಕ್ಸ್ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಒಂದೇ ಫಲಿತಾಂಶ ಪಡೆದು, ಆ ಶಾಸ್ತ್ರಕ್ಕೂ ನನಗೂ ಇನ್ನು ಸಂಬಂಧ ಬೇಡವೆಂದು ಗೌರವದಿಂದ ಹಿಂತಿರುಗಿದ್ದೆ. ಅಮ್ಮತ್ತಿಯಿಂದ ಮೂರು ಮೈಲಿ ಒಳಗೆ ಸುಬೇದಾರ್ ಬೋಪಯ್ಯನವರ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ಮದುವೆಯಾಗಿ ಒಂದು ವರ್ಷ. ಹೆಂಡತಿ ಗಿರಿಜೆಗೆ ಆಗ ಮೂರು ತಿಂಗಳು ತುಂಬಿ ನಾಲ್ಕನೆಯದು ನಡೆಯುತ್ತಿತ್ತು.

ಸುಬೇದಾರರು ದಂಡಿನಿಂದ ನಿವೃತ್ತರಾಗಿ ಬಂದವರು. ಬರ್ಮಾದಲ್ಲಿ ಹೋರಾಡಿದ್ದರು, ಯುದ್ಧ ಮುಗಿದ ಮೇಲೆ ಸೋತ ಜಪಾನಿನಲ್ಲಿ ಕಾವಲಿಗೆ ಹೋದ ನಮ್ಮ ಪಡೆಯಲ್ಲೂ ಇದ್ದರು. ಬರ್ಮಾದ ಕಥೆ ಯಾರು ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಜಪಾನಿನ ವಿಷಯ ಮಾತ್ರ, "ಚಳಿ ಇತ್ತು" ಎಂಬ ಎರಡು ಶಬ್ದದಲ್ಲಿ ಮುಗಿಯುತ್ತಿತ್ತು. ಅವರ ಹೆಂಡತಿ ಮುತ್ತವ್ವ, ಶ್ರೀಮಂಗಲದ ಕಡೆಯವರು, ನಗುಮುಖದ ಗಟ್ಟಿ ಹೆಂಗಸು. ಮಕ್ಕಳಿರಲಿಲ್ಲ. ಆಕೆ ಗಿರಿಜೆಯ ಬಸಿರಿನ ಸುದ್ದಿ ಕೇಳಿದ ದಿನದಿಂದ ದಿನಕ್ಕೊಂದು ತಿನಿಸು ಕಳಿಸುತ್ತಿದ್ದರು. ಕಳಿಸುವಾಗ ನಗುತ್ತಿದ್ದರು, ಪಾತ್ರೆ ವಾಪಸು ತೆಗೆದುಕೊಳ್ಳುವಾಗ ಮಾತ್ರ ಸ್ವಲ್ಪ ಹೊತ್ತು ನಿಂತು ಗಿರಿಜೆಯನ್ನು ನೋಡುತ್ತಿದ್ದರು.

ನನ್ನ ಕೆಲಸಗಳಲ್ಲಿ ಅತ್ಯಂತ ಘನವಾದದ್ದು ಮಳೆ ಅಳೆಯುವುದು. ರೈಟರ್ ಮನೆಯ ಅಂಗಳದಲ್ಲಿ ಬೇಲಿ ಹಾಕಿದ ಚೌಕದೊಳಗೆ ಮಳೆಮಾಪಕ ಇತ್ತು. ಮೇಲೆ ಐದಂಗುಲದ ತಾಮ್ರದ ಆಲಿಕೆ, ಕೆಳಗೆ ಬಾಟಲಿ. ಪ್ರತಿ ಬೆಳಿಗ್ಗೆ ಎಂಟಕ್ಕೆ ಆ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಸೆಂಟುಗಳಲ್ಲಿ ಬರೆದಿಟ್ಟು, ಬಂಗಲೆಗೆ ಹೋಗಿ ವರದಿ ಮಾಡಬೇಕು. ಇಂಚಿಗೆ ನೂರು ಸೆಂಟು. ಮಳೆ ಬಾರದ ದಿನವೂ ಹೋಗಿ, "ಇಲ್ಲ ಸರ್" ಎಂದು ವರದಿ ಮಾಡಬೇಕು. ಮಳೆ ಬಂದಿಲ್ಲವೆಂದು ಸುಬೇದಾರರಿಗೆ ತಾನಾಗಿ ತಿಳಿಯುವ ಹಾಗಿರಲಿಲ್ಲ. ಆ ವರ್ಷ ನಾನು ನವೆಂಬರಿನಿಂದ "ಇಲ್ಲ ಸರ್" ಎನ್ನುತ್ತ ಬಂದಿದ್ದೆ. ಮಾರ್ಚಿ ಅರ್ಧ ಕಳೆದರೂ ಹೂಮಳೆ ಬರಲಿಲ್ಲ. ರೊಬಸ್ಟಾ ಗಿಡಗಳ ಮೊಗ್ಗು ಹಕ್ಕಿಯ ಕೊಕ್ಕಿನಂತೆ ಬಾಯಿ ಮುಚ್ಚಿ ಕಾಯುತ್ತಿದ್ದವು. ಒಂದು ಇಂಚಾದರೂ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ಹೂ ಬಿಡುತ್ತವೆ. ಬೀಳದಿದ್ದರೆ, ಅಥವಾ ಮೂಗು ಒದ್ದೆಯಾಗುವಷ್ಟು ಮಾತ್ರ ಬಿದ್ದರೆ, ಮೊಗ್ಗು ಸುಟ್ಟು ಆ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ದೂರದ ಕಾಡ್ಗಿಚ್ಚಿನ ಹೊಗೆ. ಸಂಜೆಯ ಸೂರ್ಯ ಕೆಂಪು ಹಿಡಿದು, ಬರಿಗಣ್ಣಿನಿಂದ ನೋಡಬಹುದಾದಷ್ಟು ಮಂಕಾಗಿ ಇಳಿಯುತ್ತಿದ್ದ.

ಸಂಜೆ ಐದಕ್ಕೆ ಬಂಗಲೆಯ ಜಗಲಿಯಲ್ಲಿ ಪತ್ರಿಕೆ ಓದುವ ಕಾರ್ಯಕ್ರಮ. ಒಂದು ದಿನ ಹಳೆಯದಾಗಿ ಅಮ್ಮತ್ತಿಗೆ ಬರುತ್ತಿದ್ದ ಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದುವುದು, ಸುಬೇದಾರರು ಕಣ್ಣು ಮುಚ್ಚಿ ಕೇಳುವುದು, ಮೆಟ್ಟಿಲ ಮೇಲೆ ಕೂತ ರಾಮನ್ ಮೇಸ್ತ್ರಿ ಅಡಿಕೆ ಕತ್ತರಿಸುತ್ತ ಸಂದೇಹ ಕೇಳುವುದು. ಮೇಸ್ತ್ರಿ ಕಣ್ಣೂರಿನ ಕಡೆಯವನು. ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಆಳುಗಳಿಗೆಲ್ಲ ಅವನೇ ಮುಖ್ಯಸ್ಥ. ಆ ಮಾರ್ಚಿಯಲ್ಲಿ ಪತ್ರಿಕೆ ತುಂಬ ಹೈಡ್ರೋಜನ್ ಬಾಂಬ್. ಅಮೆರಿಕದವರು ಪೆಸಿಫಿಕ್ ಸಮುದ್ರದಲ್ಲಿ ಸ್ಫೋಟಿಸಿದ್ದರು. ಆದರೆ ನನ್ನನ್ನು ಹಿಡಿದದ್ದು ಬಾಂಬಲ್ಲ. ಅದರ ಪಕ್ಕದಲ್ಲೇ ಅಚ್ಚಾಗಿದ್ದ ಒಂದು ಲೇಖನ. ಸೂರ್ಯನೊಳಗೆ ನಡೆಯುವುದೇ ಇದು, ಇದಕ್ಕೆ ಸಮ್ಮಿಲನ ಎನ್ನುತ್ತಾರೆ. ಇವತ್ತು ಬಾಂಬಿನಲ್ಲಿ ಒಮ್ಮೆಗೇ ಉರಿದದ್ದನ್ನು ನಾಳೆ ಒಲೆಯಲ್ಲಿಟ್ಟು ನಿಧಾನವಾಗಿ ಉರಿಸಬಹುದು. ಸಮುದ್ರದಲ್ಲಿ ನೀರಿರುವವರೆಗೆ ಮನುಷ್ಯನಿಗೆ ಸೌದೆಯ ಚಿಂತೆಯಿಲ್ಲ. ಎರಡು ಸಲ ನನ್ನನ್ನು ನಪಾಸು ಮಾಡಿದ ಶಾಸ್ತ್ರ ಕೊನೆಗೂ ನನ್ನ ಜಗಲಿಗೆ ನಡೆದು ಬಂದಂತೆ ಅನ್ನಿಸಿತು.

ನಾನು ವಿವರಿಸಲು ಹೊರಟೆ. "ಹೈಡ್ರೋಜನ್ ಅಂದರೆ ಎಲ್ಲಕ್ಕಿಂತ ಸಣ್ಣ ಬೀಜ ಅಂತ ಇಟ್ಟುಕೊಳ್ಳಿ ಸರ್. ಬಹಳ ಬಿಸಿಯಲ್ಲಿ, ಬಹಳ ಒತ್ತಡದಲ್ಲಿ ಅಂಥ ಬೀಜಗಳು ಕೂಡಿ ಒಂದಾಗುತ್ತವೆ. ನಮ್ಮ ಪೀಬೆರಿ ಇಲ್ಲವಾ, ಎರಡು ಬೇಳೆ ಇರಬೇಕಾದ ಹಣ್ಣಿನಲ್ಲಿ ಒಂದೇ ಉರುಟು ಬೀಜ, ಹಾಗೆ. ಕೂಡಿದ ಮೇಲೆ ತೂಗಿದರೆ ಮೊದಲಿಗಿಂತ ಕೂದಲೆಳೆಯಷ್ಟು ತೂಕ ಕಡಿಮೆ ಬರುತ್ತೆ. ಆ ಕಡಿಮೆ ಬಂದ ತೂಕವೇ ಶಾಖ, ಬೆಳಕು."

"ಅಯ್ಯಯ್ಯೋ," ಎಂದ ಮೇಸ್ತ್ರಿ. "ತೋಟದಲ್ಲಿ ತೂಕ ಕಡಿಮೆ ಬಂದರೆ ಮೇಸ್ತ್ರಿ ಕಳ್ಳ. ಸೂರ್ಯನಲ್ಲಿ ಕಡಿಮೆ ಬಂದರೆ ಬೆಳಕಾ? ಒಳ್ಳೆ ನ್ಯಾಯ ಉಂಟು ರೈಟರೇ."

"ಕೇಳು ಮಾರಾಯ. ಆ ಒಲೆ ಬಂದರೆ ನಾವು ಹೂಮಳೆಗೆ ಕಾಯಬೇಕಿಲ್ಲ. ಸ್ವಿಚ್ ಒತ್ತಿದರೆ ಕಾವೇರಿ ನೀರು ಗುಡ್ಡ ಹತ್ತಿ ಬರುತ್ತೆ."

"ಸ್ವಿಚ್ ಒತ್ತುವುದು ಯಾರು?"

ಸುಬೇದಾರರು ಕಣ್ಣು ತೆರೆದರು. "ರೈಟ್ರೇ, ಪೀಬೆರಿಯಲ್ಲಿ ಎರಡು ಕೂಡಿ ಒಂದಾಗುದಿಲ್ಲ. ಒಂದು ಒಳಗೇ ಸಾಯ್ತದೆ. ಉಳಿದದ್ದು ಜಾಗ ಸಿಕ್ಕಿ ಉರುಟಾಗ್ತದೆ. ಅದು ಇರಲಿ. ನೀವು ಹೇಳಿದ ಒಲೆ ಉಂಟಲ್ಲ, ಅದರ ಬೆಂಕಿ, ಆ ಸಮುದ್ರದಲ್ಲಿ ಹಾಕಿದ ಬೆಂಕಿ, ಎರಡೂ ಒಂದೆಯಾ?"

"ಒಂದೇ ಸರ್. ಸೂರ್ಯನದ್ದೂ ಅದೇ."

ಅಷ್ಟು ಹೆಮ್ಮೆಯಿಂದ ನಾನು ಬದುಕಿನಲ್ಲಿ ಇನ್ನಾವ ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ.

ಕೆಲವು ದಿನಗಳಾದ ಮೇಲೆ ಮೀನುಗಾರರ ಸುದ್ದಿ ಬಂತು. ಬಾಂಬು ಹಾಕಿದ ಜಾಗದಿಂದ ಬಹಳ ದೂರದಲ್ಲಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿಯ ಬೂದಿ ಉದುರಿತ್ತು, ಹಿಟ್ಟು ಜರಡಿ ಹಿಡಿದಂತೆ. ಅದೇನೆಂದು ತಿಳಿಯದ ಅವರು ಕೈಯಲ್ಲಿ ಒರೆಸಿಕೊಂಡು ಬಲೆ ಎಳೆದಿದ್ದರು. ಊರಿಗೆ ಮುಟ್ಟುವ ಹೊತ್ತಿಗೆ ಮೈ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ಗಾಳಿ ಆ ಬೂದಿಯನ್ನು ಎಲ್ಲಿಗೆ ಬೇಕಾದರೂ ಒಯ್ದು ಮಳೆಯೊಡನೆ ಇಳಿಸಬಹುದು ಎಂದೂ ಬರೆದಿತ್ತು. ನಾನು ಆ ಸಾಲು ಮುಗಿಸುವ ಮೊದಲೇ ಸುಬೇದಾರರು, "ಸಾಕು," ಎಂದರು. ಎದ್ದು ಒಳಗೆ ಹೋದರು. ಅರ್ಧ ಪತ್ರಿಕೆ ಉಳಿದಿರುವಾಗ ಅವರು ಎದ್ದದ್ದು ಅದೇ ಮೊದಲು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಅಡಕತ್ತರಿ ನೋಡಿದೆ.

ಅದರ ಮಾರನೆಯ ದಿನ ಮಳೆ ಬಂತು.

ಮಧ್ಯಾಹ್ನ ಮೂರೂವರೆಗೆ ಆಕಾಶ ಕಪ್ಪಾಯಿತು. ಗಾಳಿ ಎದ್ದು ನೆರಳಿನ ಮರಗಳ ಎಲೆಯನ್ನೆಲ್ಲ ಮಗುಚಿ ಹಾಕಿತು. ಮೊದಲ ಹನಿ ಬಿದ್ದದ್ದೇ ಲೈನಿನಿಂದ ಕೂಗು, ಕೇಕೆ; ಹೆಂಗಸರು ಪಾತ್ರೆ ಹಿಡಿದು ಅಂಗಳಕ್ಕೆ ಓಡಿದರು. ಹನಿಯ ಹಿಂದೆಯೇ ಆಲಿಕಲ್ಲು. ಹೆಂಚಿನ ಮೇಲೆ ಬಿದ್ದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಇನ್ನೇನು, ವರ್ಷದ ಬೆಳೆ ಉಳಿಯಿತು. ನಾನು ಆಫೀಸಿನ ಬಾಗಿಲಲ್ಲಿ ನಿಂತು ಮೂರ್ಖನಂತೆ ನಗುತ್ತಿದ್ದೆ. ಸುಬೇದಾರರು ಬಂಗಲೆಯ ಜಗಲಿಯ ಕಂಬ ಹಿಡಿದು ನಿಂತಿದ್ದರು. ಅವರು ನಗುತ್ತಿರಲಿಲ್ಲ. "ಒಳಗೆ ಹೋಗಿ! ಎಲ್ಲಾ ಒಳಗೆ ಹೋಗಿ!" ಎಂದು ಕೈ ಬೀಸಿ ಕೂಗುತ್ತಿದ್ದರು. ಸಿಡಿಲಿಗೆ ಹೆದರಿ ಹೇಳುತ್ತಿದ್ದಾರೆ ಎಂದುಕೊಂಡೆವು. ಯಾರೂ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಳೆದೆ. ತೊಂಬತ್ತೆರಡು ಸೆಂಟು. ಬರೆದು, ಎದೆಯುಬ್ಬಿಸಿ ಹೋಗಿ ವರದಿ ಮಾಡಿದೆ.

"ತೊಂಬತ್ತೆರಡಾ?" ಸುಬೇದಾರರ ಹುಬ್ಬು ಗಂಟಾಯಿತು. "ಬೇಲಿ ಆಚೆ ತೋಟದವರು ಒಂದು ಇಂಚು ಅಂತ ಹೇಳಿ ಕಳಿಸಿದ್ದಾರೆ. ಎಂಟು ಸೆಂಟು ಎಲ್ಲಿ ಹೋಯ್ತು?"

ಎಂಟು ಸೆಂಟು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಮಳೆ ನಿಂತಾಗ ಆಲಿಕೆಯಲ್ಲಿ ಆಲಿಕಲ್ಲು ಗುಪ್ಪೆಯಾಗಿ ಕೂತಿತ್ತು. ಅಂಗಳದ್ದೆಲ್ಲ ಮಣ್ಣು ಮೆತ್ತಿದ್ದು; ತಾಮ್ರದ ಆಲಿಕೆಯಲ್ಲಿದ್ದದ್ದು ಮಾತ್ರ ಸ್ವಚ್ಛ, ಮುತ್ತಿನಂತೆ. ವಾರದಿಂದ ತಣ್ಣನೆಯದು ಬೇಕು, ತಣ್ಣನೆಯದು ಬೇಕು ಎಂದು ಒದ್ದಾಡುತ್ತಿದ್ದ ಗಿರಿಜೆ ಬೇಲಿಯೊಳಗೆ ಕೈ ಹಾಕಿ ಒಂದು ಹಿಡಿ ಬಾಚಿ ಬಾಯಿಗೆ ಹಾಕಿಕೊಂಡಳು. ನಾನು ನೋಡಿದೆ. ಮಳೆಮಾಪಕದ ಪಾವಿತ್ರ್ಯದ ಬಗ್ಗೆ ಒಂದು ಭಾಷಣ ಮಾಡಬೇಕೆಂದು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿ, ಹಲ್ಲಲ್ಲಿ ಕಟಕಟ ಅನ್ನಿಸುತ್ತ, "ರೀ, ಇನ್ನೊಂದ್ ಹಿಡಿ ತಗೊಳ್ಳಾ?" ಎಂದಳು. ತಗೋ ಎಂದೆ.

"ಸರ್," ಎಂದೆ ಈಗ, ತಪ್ಪೊಪ್ಪಿಗೆಯ ಧ್ವನಿಯಲ್ಲಿ, "ಆ ಎಂಟು ಸೆಂಟನ್ನು ನಮ್ಮ ಮನೆಯವಳು ತಿಂದಳು."

ನಗುತ್ತಾರೆ ಎಂದುಕೊಂಡಿದ್ದೆ. ಒಳಗಿನಿಂದ ಮುತ್ತವ್ವ ನಕ್ಕದ್ದು ಕೇಳಿಸಿತು ಕೂಡ. ಸುಬೇದಾರರ ಮುಖದಿಂದ ರಕ್ತ ಇಳಿದುಹೋಯಿತು.

"ಎಷ್ಟು ತಿಂಗಳು ಈಗ?"

"ನಾಲ್ಕು ಸರ್."

ಅವರು ಕುರ್ಚಿಯ ತೋಳನ್ನು ಹಿಡಿದುಕೊಂಡರು. "ಮೊನ್ನೆ ಪತ್ರಿಕೆ ಓದಿದ್ದು ಯಾರು? ನೀವೇ ಅಲ್ಲವಾ? ಓದಿದ್ದು ನಿಮಗೆ ಕೇಳಲಿಲ್ಲವಾ?"

ನಿಜ ಹೇಳಬೇಕೆಂದರೆ, ಕೇಳಿರಲಿಲ್ಲ. ಓದುವವನು ಬಾಯಿಯಿಂದ ಓದುತ್ತಾನೆ. ಆ ಕ್ಷಣದಲ್ಲಿ ಕೇಳಿಸಿತು.

ಅಂದೇ ಗಿರಿಜೆಯನ್ನು ವಿರಾಜಪೇಟೆಗೆ ಕರೆದೊಯ್ದೆ. ಡಾಕ್ಟರರು ಹಿರಿಯರು, ನನ್ನ ಮಾತನ್ನು ಪೂರ್ತಿ ಕೇಳಿದರು. "ಆಲಿಕಲ್ಲು ತಿಂದರೆ ನೆಗಡಿ ಆಗ್ತದೆ," ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲವರೆಗೆ ಬಂದು, "ಅಲ್ಲ, ಆ ಬೂದಿ ವಿಷಯ ನಮಗ್ಯಾರಿಗೂ ಓದಿಸಿಲ್ಲ ನೋಡಿ. ಹೊಸ ಕಾಯಿಲೆ," ಎಂದರು. ಈ ಎರಡನೆಯ ಮಾತು ಗಿರಿಜೆಯ ಕಿವಿಗೂ ಬಿತ್ತು.

ಒಂಬತ್ತನೆಯ ದಿನ ತೋಟ ಹೂ ಬಿಟ್ಟಿತು. ಅಂಥ ಹೂವನ್ನು ಹಳಬರೂ ನೋಡಿರಲಿಲ್ಲವಂತೆ. ಎಲೆ ಕಾಣದಂತೆ, ಕೊಂಬೆ ಕಾಣದಂತೆ, ಗುಡ್ಡದಿಂದ ಗುಡ್ಡಕ್ಕೆ ಬಿಳಿ. ಹೂ ಅರಳಿದ ದಿನ ಗಿಡಗಳ ಮಧ್ಯೆ ಓಡಾಡುವುದಿಲ್ಲ, ಕೆಲಸ ಬಂದ್. ಆದ್ದರಿಂದ ತೋಟದೊಳಗೆ ಒಂದು ಮನುಷ್ಯ ಸ್ವರವಿಲ್ಲ, ಜೇನಿನ ಮೊರೆತ ಮಾತ್ರ. ವಾಸನೆ ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು, ಅನ್ನದಲ್ಲಿ, ಹಾಸಿಗೆಯಲ್ಲಿ, ಕುಡಿಯುವ ನೀರಿನಲ್ಲಿ. ಗಿರಿಜೆ ಎರಡು ದಿನ ತಿಂದದ್ದನ್ನೆಲ್ಲ ಕಾರಿದಳು. ಸುಬೇದಾರರು ರಸ್ತೆಯಲ್ಲೇ ನಿಂತು ಆ ಬಿಳಿಯನ್ನು ನೋಡುತ್ತಿದ್ದರು. ನಾನು ಹತ್ತಿರ ಹೋದರೆ, "ಚೆನ್ನಾಗಿ ಬಂದಿದೆ," ಎಂದರು. "ತುಂಬಾ ಚೆನ್ನಾಗಿ ಬಂದಿದೆ." ಸಾವಿನ ಮನೆಯಲ್ಲಿ ಮಾತಾಡುವ ಸ್ವರ.

ಅವರ ಆರ್ಡರುಗಳು ಅಂದಿನಿಂದ ಶುರುವಾದವು. ಬಾವಿಗೆ ಹಲಗೆ ಮುಚ್ಚಬೇಕು. ಸೂರಿನ ನೀರು ಹಿಡಿಯಬಾರದು. ಮಳೆಯಲ್ಲಿ ನೆನೆದವರು ಮೈ ತೊಳೆದುಕೊಂಡೇ ಒಳಗೆ ಹೋಗಬೇಕು. ಕೊಡಗಿನಲ್ಲಿ ನಿಂತು ಮಳೆಯಲ್ಲಿ ನೆನೆಯಬೇಡಿ ಎನ್ನುವುದು ಮೀನಿಗೆ ನೀರು ಮುಟ್ಟಬೇಡ ಎಂದ ಹಾಗೆ. ಮೇಸ್ತ್ರಿ ಎಲ್ಲದಕ್ಕೂ ಸರಿ ಎಂದು ಹೇಳಿ, ನನ್ನ ಬಳಿ ಬಂದು, "ರೈಟರೇ, ನೀವು ಆ ಸೂರ್ಯನ ಒಲೆ ಹಚ್ಚದೇ ಇದ್ದಿದ್ದರೆ ನನ್ನ ಜನ ಮಳೆಗೆ ಕೊಡೆ ಹಿಡಿದು ಕಳೆ ತೆಗೆಯಬೇಕಿರಲಿಲ್ಲ," ಎಂದ.

ಗಿರಿಜೆ ಏನೂ ಕೇಳುತ್ತಿರಲಿಲ್ಲ. ಕೇಳದೇ ಇರುವುದು ಅವಳ ಜಾಯಮಾನವಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೊಸ್ತಿಲವರೆಗೆ ಬಂದವಳು ಅಲ್ಲೇ ನಿಂತಳು. ಅಂಗಳದಲ್ಲಿ ಒಳ್ಳೆಯ ಬಿಸಿಲಿತ್ತು.

"ರೀ, ಬಾಂಬಿನ ಬೆಂಕಿ, ಸೂರ್ಯನ ಬೆಂಕಿ ಎಲ್ಲಾ ಒಂದೇ ಅಂತ ಹೇಳಿದ್ರಂತಲ್ಲ ನೀವು?"

"ಯಾರು ಹೇಳಿದ್ದು?"

"ಮೇಸ್ತ್ರಿ ಹೆಂಡ್ತಿ. ಹಂಗಾದ್ರೆ ನಾನು ಬಿಸಿಲಿಗೂ ಹೋಗಬಾರದಾ?"

ನಾನು ವಿವರಿಸಬಹುದಿತ್ತು. ಬಹಳ ವರ್ಷಗಳ ಮೇಲೆ ಓದಿ ತಿಳಿದೆ, ಆ ಬೂದಿಯ ವಿಷ ಹೆಚ್ಚಾಗಿ ಸಮ್ಮಿಲನದ್ದಲ್ಲ, ಅದೇ ಬಾಂಬಿನಲ್ಲಿ ಜೊತೆಗೆ ಒಡೆದ ಯುರೇನಿಯಮ್ಮಿನದು. ನಾವಿದ್ದಷ್ಟು ದೂರಕ್ಕೆ ಬಂದದ್ದು ಏನಾದರೂ ಇದ್ದರೆ ಬಹಳ ತೆಳುವಾದದ್ದು. ಆಗ ಅದು ನನಗೆ ಗೊತ್ತಿರಲಿಲ್ಲ. ಫಿಸಿಕ್ಸ್‌ನಲ್ಲಿ ಮೂರನೆಯ ಸಲ ನಪಾಸಾಗಿ ನಿಂತಿದ್ದೆ. ಬಟ್ಟೆಯ ಬಕೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಒಣಹಾಕಿದೆ.

ಜೂನಿನಲ್ಲಿ ಮುಂಗಾರು ಹಿಡಿಯಿತು. ಎಂಟು ಗಂಟೆಯ ಅಳತೆ ಈಗ ಇಂಚುಗಳಲ್ಲಿ. ದಿನಾ ಬೆಳಿಗ್ಗೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ನೀರಿನಲ್ಲಿ ಏನಾದರೂ ಕಾಣುತ್ತದೆಯೇ ಎಂದು. ಶುಭ್ರವಾದ ನೀರು. ಅಷ್ಟು ಶುಭ್ರವಾಗಿರುವುದೇ ಸಂಶಯಕ್ಕೆ ಕಾರಣವಾಯಿತು. ಜಗಲಿಯಲ್ಲಿ ಸುಬೇದಾರರು ಮಳೆ ಎಷ್ಟೆಂದು ಕೇಳುವುದನ್ನು ನಿಲ್ಲಿಸಿದ್ದರು. "ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಏಳನೆಯ ತಿಂಗಳಲ್ಲಿ ಗಿರಿಜೆಯನ್ನು ಶನಿವಾರಸಂತೆಯ ಹತ್ತಿರದ ಅವಳ ತವರಿಗೆ ಬಿಟ್ಟು ಬಂದ ಮೇಲೆ, "ಕಾಗದ ಬಂತಾ?" ಎಂದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂಜೆಯ ಪತ್ರಿಕೆ ಓದು ನಿಂತುಹೋಗಿತ್ತು.

ಒಂದು ಮಧ್ಯಾಹ್ನ ಮುತ್ತವ್ವ ಕಾಫಿ ತಂದವರು ಹೋಗದೆ ನಿಂತರು. "ಒಂದು ಮಾತು ಕೇಳ್ತೇನೆ, ತಪ್ಪು ತಿಳ್ಕೊಬೇಡಿ. ಮಗು ನಿಮ್ಮದು. ಇವರು ನಿಮಗಿಂತ ಜಾಸ್ತಿ ಕಾಯ್ತಾ ಇದ್ದಾರೆ, ಯಾಕೆ?"

"ಒಳ್ಳೆ ಮನಸ್ಸು ಅಕ್ಕ."

"ಒಳ್ಳೆ ಮನಸ್ಸು ನಂಗೂ ಉಂಟು. ನಾನು ಹೀಗೆ ಉಗುರು ಕಚ್ಚುದಿಲ್ಲ." ಬೇರೆ ಕಡೆ ನೋಡುತ್ತ ಹೇಳಿದರು. "ದಂಡಿನಿಂದ ವಾಪಸು ಬಂದು ಏಳು ವರ್ಷ ಆಯ್ತು. ಬಂದಾಗಿಂದ ಪಕ್ಕದ ಕೋಣೆಯಲ್ಲಿ ಮಲಗುದು. ನನ್ನಲ್ಲಿ ಏನು ಕುಂದು ಅಂತ ಹರಕೆ ಹೊರದ ದೇವರಿಲ್ಲ. ನಿಮ್ಮ ಹತ್ರ ಏನಾದ್ರೂ ಹೇಳಿದ್ದಾರಾ?"

ಇಲ್ಲ ಎಂದೆ. ಅದು ಆಗ ಸತ್ಯವೇ.

ಸೆಪ್ಟೆಂಬರಿನಲ್ಲಿ ಕಾಗದ ಬಂತು. ಹೆಣ್ಣು ಮಗು. ತಾಯಿ ಮಗು ಕ್ಷೇಮ ಎಂದು ಮಾವನವರು ಬರೆದಿದ್ದರು. ಕ್ಷೇಮ ಎಂಬ ಶಬ್ದವನ್ನು ಎಲ್ಲ ಕಾಗದಗಳಲ್ಲೂ ಬರೆಯುತ್ತಾರೆ. ಸತ್ತವರ ಸುದ್ದಿಯೂ ಕ್ಷೇಮದಿಂದಲೇ ಶುರುವಾಗುತ್ತದೆ. ನಾನು ರಜೆ ಕೇಳಲು ಹೋದಾಗ ಸುಬೇದಾರರು ಆಗಲೇ ಕೋಟು ಹಾಕಿಕೊಂಡಿದ್ದರು. ಎದೆಯ ಮೇಲೆ ಪದಕಗಳ ಸಾಲು.

"ನಾನೂ ಬರ್ತೇನೆ," ಎಂದರು. ಅದು ಕೇಳುವ ರೀತಿ ಆಗಿರಲಿಲ್ಲ.

ಬಸ್ಸು ಬದಲಿಸುತ್ತ, ಮಡಿಕೇರಿ ದಾಟಿ, ಸೋಮವಾರಪೇಟೆ ದಾಟಿ ಇಡೀ ದಿನದ ಪ್ರಯಾಣ. ಮಂಜಿನಲ್ಲಿ ಬಸ್ಸು ದಾರಿ ತಡವುತ್ತ ಹೋಗುತ್ತಿತ್ತು. ನನ್ನ ಮಗುವನ್ನು ನೋಡಲು ನಾನು ಹೋಗುತ್ತಿದ್ದೇನೋ, ಅವರ ವಿಚಾರಣೆಗೆ ಸಾಕ್ಷಿಯಾಗಿ ಹೋಗುತ್ತಿದ್ದೇನೋ ತಿಳಿಯದೆ ಕೂತಿದ್ದೆ.

ಸಂಜೆಯ ಬೆಳಕು ಇನ್ನೂ ಇತ್ತು. ಪದಕ ಹಾಕಿದ ಮನುಷ್ಯನನ್ನು ನೋಡಿ ಮಾವನವರು ಗಾಬರಿಯಾಗಿ, ಜಮೀನಿನ ಕಾಗದಪತ್ರ ಕೇಳಲು ಬಂದ ಅಧಿಕಾರಿ ಎಂದು ಭಾವಿಸಿ, ಚಾಪೆಯ ಮೇಲೆ ಇನ್ನೊಂದು ಚಾಪೆ ಹಾಸಿದರು. ಸುಬೇದಾರರು ಕೂರಲಿಲ್ಲ. "ಮಗು ನೋಡಬೇಕು. ಬಟ್ಟೆ ಬಿಚ್ಚಿ ನೋಡಬೇಕು," ಎಂದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹನ್ನೊಂದ್ ದಿನದ ಕೂಸು ಕಣಪ್ಪ! ಹೊರಗಿಂದ ಬಂದವ್ರ ಮುಂದೆ ಬಟ್ಟೆ ಬಿಚ್ಚದು ಎಲ್ಲಾರ ಉಂಟಾ? ದೃಷ್ಟಿ ಆಯ್ತದೆ. ಅಳಿಯಂದ್ರೇ, ನೀವಾರ ಹೇಳಿ."

ಒಳಗಿನಿಂದ ಗಿರಿಜೆಯ ಸ್ವರ ಬಂತು. "ಅವ್ವ, ಬಿಡು. ಅವರು ಯಾಕೆ ಬಂದಿದಾರೆ ಅಂತ ನಂಗೊತ್ತು."

ಅವಳೇ ಹೊಸ್ತಿಲಿಗೆ ಬಂದು ಕೂತು, ಮಡಿಲಲ್ಲಿ ಮಗುವನ್ನು ಮಲಗಿಸಿ, ಸುತ್ತಿದ ಬಟ್ಟೆಯನ್ನು ಒಂದೊಂದಾಗಿ ತೆಗೆದಳು. ಸುಬೇದಾರರು ನೆಲಕ್ಕೆ ಮಂಡಿಯೂರಿದರು. ಕೈಬೆರಳು ಎಣಿಸಿದರು. ಕಾಲ್ಬೆರಳು ಎಣಿಸಿದರು. ತಮ್ಮ ಕೊಡವ ಮಾತಿನಲ್ಲಿ, ತುಟಿ ಮಾತ್ರ ಅಲ್ಲಾಡುವಂತೆ. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಎಣಿಸಿದರು. ಬೆನ್ನು ನೋಡಿದರು. ಕಣ್ಣ ಮುಂದೆ ಬೆರಳಾಡಿಸಿದರು. ಮಗು ಚಳಿಗೆ ಅಳತೊಡಗಿದಾಗ, "ಸ್ವರ ಉಂಟು," ಎಂದರು. ಗಿರಿಜೆ ಮಗುವನ್ನು ಸುತ್ತಿ ಎದೆಗೆ ತೆಗೆದುಕೊಂಡಳು. ನಾನು ಆವತ್ತಿನವರೆಗೆ ಹಿಡಿದಿಟ್ಟಿದ್ದ ಉಸಿರು ಅಳುವಾಗಿ ಹೊರಗೆ ಬಂತು.

ಸುಬೇದಾರರು ಮಂಡಿಯಿಂದ ಏಳಲೇ ಇಲ್ಲ. ನೆಲಕ್ಕೇ ಹೇಳುವಂತೆ ಹೇಳಿದರು.

"ಹಿರೋಷಿಮಾ ಊರಿನ ಅಂಚಿನಲ್ಲಿ ಎರಡು ತಿಂಗಳು ಗಾರ್ಡ್ ಡ್ಯೂಟಿ. ಅಲ್ಲಿನ ಪಂಪಿನ ನೀರೇ ಕುಡಿದದ್ದು, ಸ್ನಾನ ಮಾಡಿದ್ದು. ಬೂದಿ ಏನೂ ಇರಲಿಲ್ಲ ಆಗ. ಹುಲ್ಲು ಬೆಳೆದಿತ್ತು, ಸೊಂಟದವರೆಗೆ. ಅಂಥ ಒಳ್ಳೆ ಹುಲ್ಲು ನಾನು ಎಲ್ಲೂ ನೋಡಲಿಲ್ಲ. ಹೊರಡುವ ದಿನ ಮೆಡಿಕಲ್ ಇತ್ತು. ಡಾಕ್ಟರ್ ಕ್ಯಾಪ್ಟನ್ ಸಿಗರೇಟ್ ಹಚ್ಚುತ್ತಾ ಹೇಳಿದ, ಊರಿಗೆ ಹೋಗಿ ಕೂಡಲೇ ಮಕ್ಕಳು ಗಿಕ್ಕಳು ಬೇಡ, ಸ್ವಲ್ಪ ಕಾಲ ಹೋಗಲಿ ಅಂತ. ನಕ್ಕುಕೊಂಡು ಹೇಳಿದ. ಎಷ್ಟು ಕಾಲ ಸಾಬ್ ಅಂತ ಕೇಳಬೇಕಿತ್ತು. ಸೆಲ್ಯೂಟ್ ಹೊಡೆದು ಬಂದೆ."

"ಆಮೇಲೆ ಯಾರನ್ನೂ ಕೇಳಲಿಲ್ಲವಾ ಸರ್?"

"ಯಾರನ್ನ ಕೇಳುದು? ಆರ್ಡರ್ ಕೊಟ್ಟವನು ವಾಪಸು ತೆಗೆಯಬೇಕು. ಅವನು ಎಲ್ಲಿದ್ದಾನೋ."

ಕೊಡಗಿನ ಹಳೆಯ ಸಿಪಾಯಿ ಮಾತ್ರ ಮಾಡಬಹುದಾದ ತಪ್ಪು ಇದು. ಬೇರೆಯವರಾಗಿದ್ದರೆ ಒಂದು ವರ್ಷ ಕಾದು ಮರೆತುಬಿಡುತ್ತಿದ್ದರು. ಗಿರಿಜೆ ಮಗುವಿನ ತಲೆಯ ಮೇಲಿಂದ ಅವರನ್ನು ನೋಡುತ್ತಿದ್ದಳು.

"ಅಕ್ಕನಿಗೆ ಗೊತ್ತಾ ಇದು?"

"ಇಲ್ಲ. ಹೆದರ್ತಾಳೆ ಅಂತ."

"ನಾನು ಆರು ತಿಂಗಳು ಹೆದರಿದೀನಿ ಸುಬೇದಾರ್ರೇ. ಗೊತ್ತಿದ್ದು ಹೆದರೋದು ಬೇರೆ. ಹೋಗಿ ಹೇಳಿ ಮೊದಲು."

ಅವರು ಹೇಳಿದರು. ನಾವು ಹಿಂತಿರುಗಿದ ದಿನವೇ, ಜಗಲಿಯಲ್ಲಿ, ನಾನು ಆಫೀಸಿನ ಬಾಗಿಲಲ್ಲಿ ನಿಂತಿರುವಾಗಲೇ. ಮಾತು ಕೇಳಿಸುತ್ತಿರಲಿಲ್ಲ, ಅವರು ಅಟೆನ್ಷನ್‌ನಲ್ಲಿ ನಿಂತು ಹೇಳುತ್ತಿದ್ದುದು ಕಾಣುತ್ತಿತ್ತು. ಮುತ್ತವ್ವ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವರು ಆರಿಸುತ್ತಲೇ ಇದ್ದರು. ಮೊರದಲ್ಲಿದ್ದ ಅಕ್ಕಿ ಮುಗಿಸಿ ಎದ್ದರು.

ಮಾರನೆಯ ಬೆಳಿಗ್ಗೆ ಒಂದು ಟ್ರಂಕು ಹೊರಿಸಿಕೊಂಡು ಬಸ್ಸಿಗೆ ಹೊರಟವರು ಮಳೆಮಾಪಕದ ಬೇಲಿಯ ಬಳಿ ನನ್ನನ್ನು ಕಂಡು ನಿಂತರು. ನಾನು ಬಾಟಲಿ ಕೈಯಲ್ಲಿ ಹಿಡಿದು, "ಹೆದರಿಕೆ ಅಕ್ಕ, ಅವರದು ಹೆದರಿಕೆ ಅಷ್ಟೆ. ನಮ್ಮ ಮಗು ಚೆನ್ನಾಗಿದೆಯಲ್ಲ," ಎಂದೆ.

"ನಿಮ್ಮ ಮಗು ಚೆನ್ನಾಗಿರಲಿ," ಎಂದರು. "ಏಳು ವರ್ಷ ಎಲ್ಲಾ ದೇವರನ್ನ ಕೇಳಿದೆ ರೈಟ್ರೇ. ಉತ್ತರ ಪಕ್ಕದ ಕೋಣೆಯಲ್ಲಿ ಮಲಗಿತ್ತು. ಅದೂ ನನಗಿಂತ ಮೊದಲು ನಿಮ್ಮ ಕಿವಿಗೆ ಬಿತ್ತು."

ಶ್ರೀಮಂಗಲದ ತವರಿಗೆ ಹೋದರು. ಹುತ್ತರಿ ಹಬ್ಬಕ್ಕೆ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಸುಬೇದಾರರು ಎರಡು ಸಲ ಹೋಗಿ ಬಂದರು, ಎರಡು ಸಲವೂ ಒಬ್ಬರೇ ಬಂದರು. ಮುಂದಿನ ಮಾರ್ಚಿಯಲ್ಲಿ ಹೂಮಳೆ ಸರಿಯಾದ ಕಾಲಕ್ಕೆ ಬಂತು, ಹೂವೂ ಬಂತು. ಆ ಹೂವನ್ನು ನೋಡಲು ಜಗಲಿಗೆ ಯಾರೂ ಬರಲಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಅವರೇ ನನ್ನನ್ನು ಕರೆದು, "ಪತ್ರಿಕೆ ಓದಿ," ಎಂದರು. ಓದು ನಿಂತು ವರ್ಷಕ್ಕೂ ಮಿಕ್ಕಿ ಆಗಿತ್ತು. ಯುರೋಪಿನಲ್ಲಿ ಎಲ್ಲ ದೇಶಗಳ ವಿಜ್ಞಾನಿಗಳ ದೊಡ್ಡ ಸಭೆ ಸೇರಿತ್ತು. ಅಧ್ಯಕ್ಷತೆ ವಹಿಸಿದ್ದವರು ನಮ್ಮ ದೇಶದವರೇ. ಸಮ್ಮಿಲನದ ಬೆಂಕಿಯನ್ನು ಪಳಗಿಸುವ ದಾರಿ ಇನ್ನು ಎರಡು ದಶಕದೊಳಗೆ ಸಿಗುತ್ತದೆಂದು ಅವರು ಹೇಳಿದ್ದರು. ಅದು ಸಿಕ್ಕ ದಿನ ಸಮುದ್ರದ ನೀರೇ ಮನುಷ್ಯನ ಸೌದೆ. ನಾನು ಆ ಸುದ್ದಿಯನ್ನು ಹಾರಿಸಿ ಬೆಲೆಪಟ್ಟಿಗೆ ಹೋಗಬೇಕೆಂದಿದ್ದೆ. ಕಣ್ಣು ತಪ್ಪಿ ಬಾಯಿ ಓದಿಬಿಟ್ಟಿತು.

ಸುಬೇದಾರರು ಕಣ್ಣು ತೆರೆದರು.

"ಎಷ್ಟು ವರ್ಷ ಅಂದ್ರು?"

"ಇಪ್ಪತ್ತು ಸರ್."

"ಅಚ್ಚಾಗಿದೆಯಾ? ಇಪ್ಪತ್ತು ಅಂತಲೇ?"

"ಎರಡು ದಶಕ ಅಂತ ಇದೆ. ಒಂದೇ."

ಅವರು ಪತ್ರಿಕೆಗೆ ಕೈ ಚಾಚಿದರು. ಕನ್ನಡಕ ಹಾಕಿ, ನಾನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ಬಹಳ ಹೊತ್ತು ನೋಡಿದರು.

"ಒಳ್ಳೆ ಮನುಷ್ಯ," ಎಂದರು. "ಎಷ್ಟು ವರ್ಷ ಅಂತ ಹೇಳಿದ್ದಾನೆ."